ಬೇಸಗೆ ರಜೆಯ ಬಿಸಿಲ ಕೆಲಸ ಒಂದು ಮನೆಯ ಮೂರು ತಲೆಮಾರನ್ನು ಹೇಗೆ ತಿದ್ದುತ್ತದೆ?

ಕೇರಳದ ಶಾಲೆಗಳ ದೊಡ್ಡ ರಜೆಯನ್ನು ಏಪ್ರಿಲ್-ಮೇಯಿಂದ ಜೂನ್-ಜುಲೈಗೆ ಬದಲಿಸಿದರೆ ಹೇಗೆ? 2025ರ ಜುಲೈ ಕೊನೆಯಲ್ಲಿ ಶಿಕ್ಷಣ ಸಚಿವ ವಿ. ಶಿವನ್‌ಕುಟ್ಟಿ ಈ ಪ್ರಶ್ನೆಯನ್ನು ಜನರ ಮುಂದಿಟ್ಟರು. ಮಳೆಗಾಲದಲ್ಲಿ ಹೇಗೂ ಜಿಲ್ಲಾಧಿಕಾರಿಗಳು ಆಗಾಗ ರಜೆ ಸಾರುತ್ತಾರೆ, ಪಾಠದ ದಿನ ಕಡಿಮೆಯಾಗುತ್ತದೆ ಅನ್ನುವುದು ಒಂದು ಕಡೆಯ ಮಾತು. ಏಪ್ರಿಲ್ ಸೆಕೆಯಲ್ಲಿ ಮಕ್ಕಳನ್ನು ಹೆಂಚಿನ ಮಾಡಿನ ಕೆಳಗೆ ಕೂರಿಸುವುದು ಹೇಗೆ ಅನ್ನುವುದು ಇನ್ನೊಂದು ಕಡೆಯದು.

ಕಾಸರಗೋಡಿನಲ್ಲಿ, ಅದರಲ್ಲೂ ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮನೆಗಳಲ್ಲಿ, ಈ ಚರ್ಚೆಗೆ ಇನ್ನೂ ಒಂದು ಮುಖ ಇದೆ. ಇಲ್ಲಿ ಆ ಎರಡು ತಿಂಗಳೆಂದರೆ ಗೇರುಬೀಜ ಬೀಳುವ ಕಾಲ, ಅಡಿಕೆ ಒಣಗುವ ಕಾಲ, ಸೌದೆ-ತರಗೆಲೆ ಎಲ್ಲ ಮಳೆಗೆ ಮೊದಲು ಒಳಗೆ ಸೇರಬೇಕಾದ ಕಾಲ. ಮಕ್ಕಳಿಗೆ ರಜೆ ಸಿಗುವ ಹೊತ್ತಿಗೇ ಮನೆಗೆ ಕೈ ಜಾಸ್ತಿ ಬೇಕು. ಅಜ್ಜ, ಅಪ್ಪ, ಮಗಳು ಮೂವರನ್ನೂ ಈ ಬಿಸಿಲ ಕೆಲಸ ಒಂದೊಂದು ರೀತಿ ತಿದ್ದಿದೆ, ಕೆಲವರನ್ನು ಹಿಂದಕ್ಕೂ ತಳ್ಳಿದೆ. ಅದು ಹೇಗೆ ಅಂತ ಬುಡದಿಂದಲೇ ನೋಡೋಣ.

ಯಾವ ಕೆಲಸದ ಮಾತು ಇದು?

ಗೇರಿನಿಂದ ಶುರು ಮಾಡಬಹುದು. ಗೇರು ನಮ್ಮ ನೆಲದ ಮರವಲ್ಲ. ಬ್ರೆಜಿಲ್ ಕಡೆಯದು, 16ನೇ ಶತಮಾನದಲ್ಲಿ ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ತಂದರು. ಮುರಕಲ್ಲಿನ ಬೋಳು ಗುಡ್ಡೆಯಲ್ಲೂ ಬದುಕುವ ಮರವಾದ್ದರಿಂದ ಇಲ್ಲಿ ಬೇರೂರಿಬಿಟ್ಟಿತು. ನವೆಂಬರ್ ಹೊತ್ತಿಗೆ ಹೂ ಬಿಡುತ್ತದೆ, ಫೆಬ್ರವರಿಯಿಂದ ಮೇವರೆಗೆ ಹಣ್ಣು. ವಿಷು ಕಣಿಗೆ ಇಡುವ ಹೊತ್ತಿಗೆ ಗುಡ್ಡೆಯಿಡೀ ಅದರದ್ದೇ ವಾಸನೆ.

ಕೆಲಸ ನೋಡಲು ಸುಲಭ. ಬಿಸಿಲೇರುವ ಮೊದಲು ಗುಡ್ಡೆ ಹತ್ತಬೇಕು, ರಾತ್ರಿ ಬಿದ್ದ ಹಣ್ಣನ್ನು ತರಗೆಲೆಯ ನಡುವೆ ಹುಡುಕಿ ಹೆಕ್ಕಬೇಕು, ಬೀಜವನ್ನು ತಿರುಪಿ ಹಣ್ಣಿನಿಂದ ಬೇರೆ ಮಾಡಬೇಕು, ಬೀಜ ಬುಟ್ಟಿಗೆ, ಹಣ್ಣು ದನಕ್ಕೆ ಅಥವಾ ನೇರ ಬಾಯಿಗೆ. ಹಣ್ಣಿನ ರಸ ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ, ಹಾಗಾಗಿ ಗುಡ್ಡೆಗೆ ಹೋಗುವ ಅಂಗಿಯೇ ಬೇರೆ ಇರುತ್ತದೆ. ಬೀಜದ ಸಿಪ್ಪೆಯೊಳಗಿನ ಎಣ್ಣೆ ಇನ್ನೂ ಕೆಟ್ಟದ್ದು. ಹಸಿ ಬೀಜ ಕಚ್ಚಿ ನೋಡಿದವನ ತುಟಿ ಸುಟ್ಟು ಬೊಕ್ಕೆ ಏಳುತ್ತದೆ. ಒಮ್ಮೆ ಕಚ್ಚಿದವನು ಮತ್ತೆ ಕಚ್ಚುವುದಿಲ್ಲ, ಅದು ಬೇರೆ ಮಾತು.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಮರದಿಂದ ತಾನಾಗಿ ಬಿದ್ದ ಹಣ್ಣಿನ ಬೀಜ ಪೂರ್ತಿ ಬಲಿತಿರುತ್ತದೆ. ಅವಸರಕ್ಕೆ ದೋಟಿ ಹಾಕಿ ಎಳೆದ ಬೀಜದ ತಿರುಳು ಒಣಗಿದ ಮೇಲೆ ಸುರುಟಿಕೊಳ್ಳುತ್ತದೆ. ಹೆಕ್ಕಿದ ಬೀಜವನ್ನು ಎರಡು-ಮೂರು ದಿನ ಬಿಸಿಲಿಗೆ ಹಾಕದೆ ಚೀಲ ಕಟ್ಟಿದರೂ ಕೆಡುತ್ತದೆ. ಅಂಗಡಿಯವರು ಬೀಜವನ್ನು ಕೈಯಲ್ಲಿ ಕುಲುಕಿಸಿ ನೋಡಿಯೇ ಕ್ರಯ ಹೇಳುತ್ತಾರೆ. ಹತ್ತು-ಹನ್ನೆರಡು ವರ್ಷದ ಹುಡುಗನಿಗೆ 'ಕಾದರೆ ಕ್ರಯ ಜಾಸ್ತಿ' ಅನ್ನುವ ಪಾಠ ಸಿಗುವುದು ಆ ಜಗಲಿಯಲ್ಲಿ. ಆ ದುಡ್ಡಿನಲ್ಲಿ ಕೊಡೆಯೋ, ನೋಟ್ ಪುಸ್ತಕವೋ, ಜಾತ್ರೆಯ ಚುರುಮುರಿಯೋ ಬರುತ್ತಿತ್ತು. ಎಷ್ಟೋ ಮನೆಗಳಲ್ಲಿ ಜೂನ್ 1ರ ಶಾಲೆಯ ಖರ್ಚು ಮೇ ತಿಂಗಳ ಗೇರಿನಿಂದಲೇ ಹುಟ್ಟುತ್ತಿತ್ತು.

ಅಡಿಕೆಯ ಕೆಲಸ ನಿಧಾನದ್ದು. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಅಂಗಳದಲ್ಲಿ ಹರಡಿ 40-45 ದಿನ ಒಣಗಿಸಿ, ಆಮೇಲೆ ಸುಲಿದರೆ ಸಿಗುವುದು ಚಾಲಿ. ನಮ್ಮ ಕಡೆಯಿಂದ ಪೇಟೆಗೆ ಹೋಗುವುದು ಹೆಚ್ಚಾಗಿ ಇದೇ. ಒಂದೇ ಪದರದಲ್ಲಿ ಹರಡಬೇಕು, ಆಗಾಗ ಮಗುಚಬೇಕು. ಮಗುಚುವ ಕೆಲಸ ಮಕ್ಕಳದ್ದು. ಅಂಗಳದ ಈ ತುದಿಯಿಂದ ಆ ತುದಿಗೆ ಕಾಲೆಳೆಯುತ್ತಾ ಹೋಗುವುದು, ಸಾಲು ತಪ್ಪದೆ ವಾಪಸು ಬರುವುದು. ಕಾಲಡಿ ಕಾದ ಅಡಿಕೆ, ತಲೆ ಮೇಲೆ ಸೂರ್ಯ. ಮಧ್ಯಾಹ್ನ ಕಳೆದು ಮೂಡು ದಿಕ್ಕಿನಲ್ಲಿ ಗುಡುಗು ಕೇಳಿಸಿತೋ, ಊಟಕ್ಕೆ ಕೂತವರೂ ಎದ್ದು ಓಡಬೇಕು. ಬೇಸಗೆ ಮಳೆಗೆ ಸಿಕ್ಕಿ ನೆನೆದ ಅಡಿಕೆ ಬಣ್ಣ ಕೆಟ್ಟು ಪಟೋರಕ್ಕೋ ಕರಿಗೋಟಿಗೋ ಇಳಿಯುತ್ತದೆ, ಅಂದರೆ ಕೆಳದರ್ಜೆಗೆ, ಕಡಿಮೆ ದರಕ್ಕೆ. ವರ್ಷವಿಡೀ ದುಡಿದದ್ದು ಅರ್ಧ ಗಂಟೆಯಲ್ಲಿ ಹೋಗಬಹುದು ಅನ್ನುವುದನ್ನು ಮಗುವಿಗೆ ಕೂತು ವಿವರಿಸಬೇಕಾಗಿಲ್ಲ. ಟಾರ್ಪಾಲಿನ ಇನ್ನೊಂದು ತುದಿ ಹಿಡಿದುಕೊಂಡದ್ದೇ ಅವನು.

ಉಳಿದದ್ದೆಲ್ಲ ಚಿಲ್ಲರೆ ಕೆಲಸ. ತೋಟದಲ್ಲಿ ಸ್ಪ್ರಿಂಕ್ಲರ್ ಜೆಟ್ ಬದಲಿಸುವುದು, ಉದುರು ಅಡಿಕೆ ಹೆಕ್ಕುವುದು, ಬಿದ್ದ ಹಾಳೆ ಒಟ್ಟುಮಾಡಿ ತಟ್ಟೆ ಮಾಡುವವರಿಗೆ ಕೊಡುವುದು, ಪುನರ್ಪುಳಿ ಹೆಕ್ಕಿ ಸಿಪ್ಪೆ ಒಣಗಿಸುವುದು, ಚಾಪೆಯಲ್ಲಿ ಹಾಕಿದ ಹಲಸಿನ ಹಪ್ಪಳಕ್ಕೆ ಕಾಗೆ ಬಾರದ ಹಾಗೆ ಕೋಲು ಹಿಡಿದು ಕೂರುವುದು. ಕಡಲ ಬದಿಯಲ್ಲಾದರೆ ಮೀನು ಒಣಗಿಸುವುದು. ಎಲ್ಲಕ್ಕೂ ಗಡುವು ಒಂದೇ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ (ತುಳುವಿನ ಬೇಶ ತಿಂಗಳ ಹತ್ತನೇ ದಿನ) ಕಳೆದರೆ ಮಳೆ ಯಾವಾಗ ಬೇಕಾದರೂ ಬರಬಹುದು.

ಇದರಲ್ಲಿ ತಲೆಮಾರಿಗೆ ದಾಟುವುದು ಏನು?

ಕೆಲವು ತಿಳಿವಳಿಕೆ ಬರೆದಿಡಲು ಆಗುವುದಿಲ್ಲ. ಅಡಿಕೆ ಒಣಗಿದೆಯಾ ಅಂತ ಅಜ್ಜಿ ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಸಿಪ್ಪೆಯೊಳಗಿನ ಅಡಿಕೆ ಬಿಟ್ಟುಕೊಂಡು ಸದ್ದು ಮಾಡಿದರೆ ಆಯ್ತು. ಎಂಥ ಸದ್ದು ಅಂತ ಕೇಳಿದರೆ ಅವರಿಗೂ ಹೇಳಲು ಬಾರದು. ಪಕ್ಕದಲ್ಲಿ ಕೂತು ಒಂದು ಬೇಸಗೆಯಿಡೀ ಅಲ್ಲಾಡಿಸಿದವಳಿಗೆ ಗೊತ್ತಾಗುತ್ತದೆ, ಅಷ್ಟೇ. ಇಂಥ ತಿಳಿವಳಿಕೆ ದಾಟಬೇಕಾದರೆ ಕಲಿಸುವವರು, ಕಲಿಯುವವರು, ಕೆಲಸ ಮೂರೂ ಒಂದೇ ಜಾಗದಲ್ಲಿ, ಒಂದೇ ಕಾಲದಲ್ಲಿ ಇರಬೇಕು. ಅಡಿಕೆ, ಗೇರು ಎರಡೂ ಬೇಸಗೆಯದ್ದಾದ್ದರಿಂದ, ರಜೆಯೂ ಆಗಲೇ ಇದ್ದದ್ದರಿಂದ ಇಷ್ಟು ಕಾಲ ಅದು ತಾನಾಗಿ ಕೂಡಿಬಂತು.

ಇನ್ನೊಂದು, ನಮ್ಮ ಜಿಲ್ಲೆಗೇ ವಿಶೇಷವಾದದ್ದು. ಕನ್ನಡ ಮಾಧ್ಯಮದಲ್ಲಿ ಓದುವ ಮಗು ಮನೆಯಲ್ಲಿ ತುಳುವೋ, ಹವ್ಯಕವೋ, ಮರಾಠಿಯೋ, ಕೊಂಕಣಿಯೋ ಮಾತಾಡುತ್ತದೆ. ಗೇರುಗುಡ್ಡೆಯಲ್ಲಿ ಸಿಗುವ ನೆರೆಮನೆಯ ಹುಡುಗ ಮಲಯಾಳಂನವನಾಗಿರಬಹುದು, ಬ್ಯಾರಿ ಮಾತಾಡುವವನಾಗಿರಬಹುದು. ಯಾವ ಮರ ಯಾರದ್ದು ಅನ್ನುವ ಜಗಳ ಆಡಲಿಕ್ಕೂ ಭಾಷೆ ಬೇಕಲ್ವಾ? ಹಾಗೆ ಕಲಿತ ಮಲಯಾಳಂ ಮುಂದೆ ಬಸ್ಸಿನಲ್ಲಿ, ಗ್ರಾಮ ಕಚೇರಿಯಲ್ಲಿ, ಕೇರಳದ ಸರ್ಕಾರಿ ಕೆಲಸದಲ್ಲಿ ಉಪಯೋಗಕ್ಕೆ ಬಂತು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಶಾಲೆಗೆ ಹೋದ ತಲೆಮಾರಿನ ಎಷ್ಟೋ ಮಂದಿಗೆ ಮಲಯಾಳಂ ಬಂದದ್ದು ಪುಸ್ತಕದಿಂದ ಅಲ್ಲ, ಇಂಥ ಗುಡ್ಡೆಗಳಿಂದ.

ದುಡ್ಡಿನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಗೇರು ಹೆಕ್ಕಿದ ಹುಡುಗನಿಗೆ ಕೈಗೆ ನಾಲ್ಕು ಕಾಸು ಸಿಗುತ್ತಿತ್ತು. ಹಪ್ಪಳ ತಟ್ಟಿದ, ತಮ್ಮನನ್ನು ನೋಡಿಕೊಂಡ, ತರಗೆಲೆ ಹೊತ್ತ ಅವನ ಅಕ್ಕನಿಗೆ ಸಿಕ್ಕಿದ್ದು ಕಡಿಮೆ. ಅವಳದ್ದು ಮನೆಕೆಲಸದ ಲೆಕ್ಕಕ್ಕೆ ಹೋಯಿತು. ಗಂಡು ಮಕ್ಕಳು ದುಡಿದು ಕಲಿತದ್ದು, ಹೆಣ್ಣು ಮಕ್ಕಳು ಸುಮ್ನೆ ದುಡಿದದ್ದು ಅಂತ ಭೇದ ಶುರುವಾಗುವುದು ಈ ವಯಸ್ಸಿನಲ್ಲೇ.

ಒಂದೇ ಗುಡ್ಡೆ, ಎರಡು ಬಾಲ್ಯ

ರಜೆಯ ಕೆಲಸದ ನೆನಪುಗಳನ್ನು ಓದುವಾಗ ಯಾರ ನೆನಪು ಅಂತ ಕೇಳಿಕೊಳ್ಳುವುದು ಒಳ್ಳೆಯದು. ಸ್ವಂತ ತೋಟ ಇದ್ದವರ ಮಕ್ಕಳಿಗೆ ಅದು ಎರಡು ತಿಂಗಳ ಕೆಲಸ. ಜೂನ್ ಬಂದ ಕೂಡಲೇ ಮುಗಿಯುತ್ತಿತ್ತು. ಕೂಲಿಗೆ ಹೋಗುವವರ ಮಕ್ಕಳಿಗೆ ಜೂನ್ ಬಂದರೂ ಮುಗಿಯದೇ ಇರಬಹುದು. ಏಪ್ರಿಲ್‌ನಲ್ಲಿ ಅಮ್ಮನ ಜೊತೆ ಧಣಿಗಳ ತೋಟಕ್ಕೆ ಹೋದ ಹುಡುಗ ಕೆಲಸ ಚೆನ್ನಾಗಿ ಮಾಡಿದರೆ, ಅವನಿಗೆ ಶಾಲೆ ಬಿಡಿಸುವ ಆಸೆ ಮನೆಯಲ್ಲೂ ಹುಟ್ಟುತ್ತಿತ್ತು, ತೋಟದಲ್ಲೂ ಹುಟ್ಟುತ್ತಿತ್ತು. ಒಬ್ಬನಿಗೆ 'ಕಷ್ಟದ ಬೆಲೆ ಗೊತ್ತಾಯಿತು' ಎಂಬ ಹೆಮ್ಮೆ ಕೊಟ್ಟ ಕೆಲಸವೇ ಇನ್ನೊಬ್ಬನ ಓದನ್ನು ಏಳನೆಯ ಕ್ಲಾಸಿಗೆ ನಿಲ್ಲಿಸಿತು.

ಈ ಚಿತ್ರ ದೊಡ್ಡದಾಗಿ ಬದಲಾದದ್ದು ಭೂಮಿಯ ಕಾನೂನಿನಿಂದ. ಮೊದಲು ಇಲ್ಲಿ ಬಹಳಷ್ಟು ಜನ ಗೇಣಿ ಒಕ್ಕಲು. ನೆಲ ಧಣಿಯದ್ದು, ಬೆಳೆಯ ಪಾಲು ಅವನಿಗೆ ಅಳೆಯಬೇಕು. ಕೇರಳ ಭೂಸುಧಾರಣಾ ಕಾಯ್ದೆ 1963ರದ್ದು. 1969ರ ತಿದ್ದುಪಡಿ 1970ರ ಜನವರಿ 1ರಂದು ಜಾರಿಗೆ ಬಂದ ಮೇಲೆ ಗೇಣಿ ಪದ್ಧತಿ ಕೊನೆಗೊಂಡು ಉಳುತ್ತಿದ್ದವರಿಗೆ ನೆಲದ ಹಕ್ಕು ಸಿಕ್ಕಿತು. ಬೇರೆಯವರ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡು ಇದ್ದವರಿಗೂ ಪಂಚಾಯತ್ ಪ್ರದೇಶದಲ್ಲಿ 10 ಸೆಂಟ್ಸ್‌ವರೆಗೆ ಪಡೆಯುವ ಹಕ್ಕು ಬಂತು.

10 ಸೆಂಟ್ಸ್ ಅಂದರೆ ದೊಡ್ಡ ಜಾಗವೇನಲ್ಲ. ಆದರೆ ಅದರಲ್ಲಿ ನಾಲ್ಕು ಗೇರುಮರ, ಹತ್ತಿಪ್ಪತ್ತು ಅಡಿಕೆ, ಒಂದು ಹಲಸು ನಿಲ್ಲುತ್ತದೆ. ಅಜ್ಜ ಬಾಲ್ಯದಲ್ಲಿ ಧಣಿಯ ದನ ಮೇಯಿಸಿದ್ದರೆ, ಅಪ್ಪ ತನ್ನದೇ ಮರದ ಬೀಜ ಹೆಕ್ಕಿ ಕೊಡೆ ತೆಗೆದುಕೊಂಡ, ಮಗಳು ಅದೇ ಮರದ ನೆರಳಲ್ಲಿ ಕೂತು ಪರೀಕ್ಷೆಗೆ ಓದಿದಳು. ಮೂವರೂ ಬಿಸಿಲಿನಲ್ಲೇ ಇದ್ದರು, ಮರ ಯಾರದ್ದು ಅನ್ನುವುದು ಮಾತ್ರ ಬದಲಾಗಿತ್ತು. ಎಲ್ಲರಿಗೂ ಹೀಗೆ ಆಗಲಿಲ್ಲ. ಕಾಡಂಚಿನ ಕಾಲೊನಿಗಳಲ್ಲಿ ಇದ್ದ ಕುಟುಂಬಗಳ ಪಾಲಿಗೆ ಬಂದದ್ದು ಕಡಿಮೆಯೇ.

ವಿಷ ಬಿದ್ದ ಗುಡ್ಡೆಗಳು

ಕಾಸರಗೋಡಿನ ಗೇರಿನ ಕಥೆಯಲ್ಲಿ ಎಂಡೋಸಲ್ಫಾನ್ ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ. ಸರ್ಕಾರಿ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ, ಚಿಗುರು-ಹೂ ಹೀರುವ ಟೀ ಸೊಳ್ಳೆ ಎಂಬ ಕೀಟಕ್ಕಾಗಿ, 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಈ ಮದ್ದು ಸಿಂಪಡಿಸಿದರು. ಎಣ್ಮಕಜೆಯ ಪಡ್ರೆಯಂಥ ಊರುಗಳಲ್ಲಿ ತೋಟ ಗುಡ್ಡೆಯ ತಲೆಯಲ್ಲಿ, ಮನೆ, ನೀರಿಗಾಗಿ ಗುಡ್ಡೆಗೆ ಕೊರೆದ ಸುರಂಗ, ತೋಡು ಎಲ್ಲ ಅದರ ಬುಡದಲ್ಲಿ. ಮದ್ದು ಗಾಳಿಯಲ್ಲೂ ನೀರಲ್ಲೂ ಕೆಳಗೆ ಬಂತು. ಹುಟ್ಟಿನಿಂದಲೇ ಬಂದ ಅಂಗವೈಕಲ್ಯ, ನರಗಳ ಕಾಯಿಲೆ, ಹೀಗೆ ಮನೆಮನೆಯ ನೋವು ಹೊರಗೆ ಬರಲು ವರ್ಷಗಳೇ ಹಿಡಿದವು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಇದರ ತಯಾರಿ, ಮಾರಾಟ, ಬಳಕೆಯನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಕೇರಳ ಸರ್ಕಾರಕ್ಕೆ ಹೇಳಿತು.

ನಮ್ಮ ವಿಷಯಕ್ಕೆ ಇದರಿಂದ ತಿಳಿಯಬೇಕಾದದ್ದು ಇಷ್ಟು. ಹೊರಗಿನ ಕೆಲಸದ ಅಪಾಯ ಕಣ್ಣಿಗೆ ಕಾಣುವ ಹಾವು, ಮುಳ್ಳು, ಬಿಸಿಲು ಮಾತ್ರ ಅಲ್ಲ. ಆ ಕಾಲದ ಅಪ್ಪ-ಅಮ್ಮ ಮಕ್ಕಳನ್ನು ಗುಡ್ಡೆಗೆ ಕಳಿಸುವಾಗ ಚಪ್ಪಲಿ ಹಾಕಿಕೋ ಅಂತ ಹೇಳಿರಬಹುದು, ಗಾಳಿಯಲ್ಲಿ ಏನಿದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಕಾನೂನು ಎಲ್ಲಿ ಗೆರೆ ಎಳೆಯುತ್ತದೆ?

'ನಮ್ಮ ಮಕ್ಕಳು ನಮ್ಮ ಅಂಗಳದಲ್ಲಿ ಕೆಲಸ ಮಾಡಿದರೆ ತಪ್ಪಾ?' ಅಂತ ಕೇಳುವವರು ಬಹಳ. ತಪ್ಪಲ್ಲ, ಆದರೆ ಷರತ್ತು ಇದೆ.

ಬಾಲಕಾರ್ಮಿಕ ಕಾಯ್ದೆ 1986ರದ್ದು, 2016ರಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ 14 ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವ ಹಾಗಿಲ್ಲ. 14ರಿಂದ 18ರವರನ್ನು ಅಪಾಯದ ಕೆಲಸಕ್ಕೆ ಇಟ್ಟುಕೊಳ್ಳುವ ಹಾಗಿಲ್ಲ. ಮೀರಿದ ಮಾಲಿಕನಿಗೆ 6 ತಿಂಗಳಿಂದ 2 ವರ್ಷ ಜೈಲು, ಅಥವಾ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ. 14ರೊಳಗಿನವರಿಗೆ ಇರುವ ವಿನಾಯಿತಿ ಏನೆಂದರೆ, ಶಾಲೆಯ ಹೊತ್ತಿನ ಹೊರಗೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಕೆಲಸದಲ್ಲಿ ಮನೆಯವರಿಗೆ ಸಹಾಯ ಮಾಡಬಹುದು. 2017ರ ನಿಯಮ ಇದಕ್ಕೂ ಅಳತೆ ಹಾಕಿದೆ. ದಿನಕ್ಕೆ 3 ಗಂಟೆಗಿಂತ ಜಾಸ್ತಿ ಇಲ್ಲ, ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಇಲ್ಲವೇ ಇಲ್ಲ.

'ಮನೆಯವರು' ಅಂದರೆ ಯಾರು ಅನ್ನುವುದನ್ನೂ ಕಾಯ್ದೆ ಬಿಡಿಸಿ ಹೇಳುತ್ತದೆ. ಅಪ್ಪ, ಅಮ್ಮ, ಒಡಹುಟ್ಟಿದವರು, ಅಪ್ಪ-ಅಮ್ಮನ ಒಡಹುಟ್ಟಿದವರು. ಚಿಕ್ಕಪ್ಪ, ಸೋದರಮಾವ, ಅತ್ತೆ, ಚಿಕ್ಕಮ್ಮ ಎಲ್ಲ ಪಟ್ಟಿಯಲ್ಲಿ ಇದ್ದಾರೆ. ತಮಾಷೆ ಅಂದರೆ ಅಜ್ಜ-ಅಜ್ಜಿಯ ಹೆಸರಿಲ್ಲ! ರಜೆಯಲ್ಲಿ ಮಕ್ಕಳು ಹೋಗುವುದೇ ಅಜ್ಜನ ಮನೆಗೆ, ಅಲ್ವಾ.

ಮುಖ್ಯವಾದದ್ದು ಇನ್ನೊಂದು. ಕೆಲಸದ ಜಾಗ ಮನೆಯವರದ್ದೇ ಆಗಿರಬೇಕು. ಅಮ್ಮ ಬೇರೆಯವರ ತೋಟಕ್ಕೆ ಕೂಲಿಗೆ ಹೋಗಿ, ಜೊತೆಗೆ ಬಂದ ಮಗ ಅಡಿಕೆ ಹೆಕ್ಕಿದರೆ ಅದು ವಿನಾಯಿತಿಗೆ ಬರುವುದಿಲ್ಲ. ಹಾಗೆಯೇ ಗೇರುಬೀಜದ ಸಿಪ್ಪೆ ಒಡೆದು ಸಂಸ್ಕರಿಸುವ ಕೆಲಸ ಅಪಾಯದ ಪಟ್ಟಿಯಲ್ಲೇ ಇದೆ, ಚರ್ಮ ಸುಡುವ ಆ ಎಣ್ಣೆಯ ಕಾರಣಕ್ಕೆ.

ಈಗಿನ ಬಿಸಿಲು ಆಗಿನ ಬಿಸಿಲಲ್ಲ

'ನಾವೆಲ್ಲ ಬಿಸಿಲಲ್ಲೇ ಬೆಳೆದವರು' ಅನ್ನುವ ಮಾತು ಪೂರ್ತಿ ಸರಿಯಲ್ಲ. ಮೈ ತಣ್ಣಗಾಗುವುದು ಬೆವರು ಆರಿದಾಗ, ಸುರಿದಾಗ ಅಲ್ಲ. ಕರಾವಳಿಯ ಗಾಳಿಯಲ್ಲಿ ನೀರಿನಂಶ ಜಾಸ್ತಿ ಇರುವುದರಿಂದ, ಮಳೆಗಾಲದ ಆಟಿ ತಿಂಗಳಲ್ಲಿ ಒಗೆದ ಬಟ್ಟೆ ಹಗ್ಗದ ಮೇಲೆ ಹಾಗೇ ಇರುವಂತೆ, ಬೆವರು ಮೈಮೇಲೆ ಹಾಗೇ ಇರುತ್ತದೆ. ಹಾಗಾಗಿಯೇ ಹವಾಮಾನ ಇಲಾಖೆ ಬಯಲು ಸೀಮೆಗೆ 40 ಡಿಗ್ರಿ ಆದ ಮೇಲೆ ಶಾಖದ ಅಲೆಯ ಮಾತಾಡಿದರೆ, ಕರಾವಳಿಗೆ 37ಕ್ಕೇ ಆಡುತ್ತದೆ. ಎರಡು ಕಡೆಯೂ ಮಾಮೂಲಿಗಿಂತ ಬಿಸಿ ಎಷ್ಟು ಏರಿದೆ ಅನ್ನುವುದನ್ನೂ ಸೇರಿಸಿಯೇ ಲೆಕ್ಕ. ಕೇರಳದ ಕಾರ್ಮಿಕ ಇಲಾಖೆ ಇತ್ತೀಚಿನ ಬೇಸಗೆಗಳಲ್ಲಿ ಹೊರಗೆ ದುಡಿಯುವವರಿಗೆ ಮಧ್ಯಾಹ್ನ 12ರಿಂದ 3ರವರೆಗೆ ಬಿಡುವು ಕೊಡಬೇಕು ಅಂತ ಆದೇಶ ಹೊರಡಿಸುತ್ತಾ ಬಂದಿದೆ. ಮನೆಯ ಅಂಗಳದಲ್ಲಿ ಅಡಿಕೆ ಮಗುಚುವ ಮಗುವಿಗೆ ಈ ಆದೇಶ ತಲುಪುವುದಿಲ್ಲ, ಅದನ್ನು ಮನೆಯವರೇ ಹೇಳಬೇಕು. ಮಕ್ಕಳ ಮೈ ದೊಡ್ಡವರಿಗಿಂತ ಬೇಗ ಕಾಯುತ್ತದೆ ಅನ್ನುವುದೂ ನೆನಪಿರಲಿ.

ಸರಪಳಿ ಎಲ್ಲಿ ಕಳಚಿತು?

ರಜೆಯ ಕೆಲಸ ಕಡಿಮೆಯಾದದ್ದಕ್ಕೆ ಮೊಬೈಲನ್ನು ಬಯ್ಯುವುದು ಸುಲಭ. ಆದರೆ ಮೊಬೈಲ್ ಬರುವ ಮೊದಲೇ ಗೇರುಗುಡ್ಡೆಗಳು ರಬ್ಬರ್ ಆಗಿದ್ದವು. ಅಡಿಕೆ ಸುಲಿಯಲು ಯಂತ್ರ ಬಂತು, ನೀರಿಗೆ ಡ್ರಿಪ್ ಬಂತು. ಓದಿದ ಮಕ್ಕಳು ಮಂಗಳೂರಿಗೆ, ಬೆಂಗಳೂರಿಗೆ, ಗಲ್ಫಿಗೆ ಹೋದರು, ತೋಟದ ಕೆಲಸಕ್ಕೆ ಅಸ್ಸಾಂ, ಬಂಗಾಳ, ಒಡಿಶಾದಿಂದ ಯುವಕರು ಬಂದರು. ಅವರೂ ಯಾವುದೋ ಊರಿನ ಮಕ್ಕಳೇ, ತಮ್ಮ ಊರಿನ ಗದ್ದೆಯಲ್ಲಿ ಕಲಿತದ್ದನ್ನು ಇಲ್ಲಿ ಬೇರೆ ಬೆಳೆಗೆ ಹಾಕುತ್ತಿದ್ದಾರೆ.

ಹೆಚ್ಚು ಪೆಟ್ಟು ಬಿದ್ದದ್ದು ಮರ ಏರುವ ವಿದ್ಯೆಗೆ. ಅಡಿಕೆ, ತೆಂಗು ಏರುವುದು ಅಪ್ಪನಿಂದ ಮಗನಿಗೆ ಬರುತ್ತಿದ್ದ ಕೆಲಸ. ಆದರೆ ಅದಕ್ಕೆ ಜಾತಿಯ ಮುದ್ರೆ ಇತ್ತು, ಬಿದ್ದರೆ ಕೇಳುವವರು ಇರಲಿಲ್ಲ. ಮಗ ಏರುವುದು ಬೇಡ ಅಂತ ಮೊದಲು ಹೇಳಿದವರೇ ಏರುತ್ತಿದ್ದ ಅಪ್ಪಂದಿರು, ಅದರಲ್ಲಿ ತಪ್ಪೂ ಇಲ್ಲ. 2011ರಲ್ಲಿ ತೆಂಗು ಅಭಿವೃದ್ಧಿ ಮಂಡಳಿ ಯುವಕ-ಯುವತಿಯರಿಗೆ ಯಂತ್ರದ ಸಹಾಯದಿಂದ ತೆಂಗು ಏರಲು ಕಲಿಸುವ ಯೋಜನೆ ಶುರು ಮಾಡಿತು, ವಿಮೆಯೂ ಜೊತೆಗೆ ಬಂತು. ಅಡಿಕೆ ಏರಲು ಕಲಿಸುವ ಶಿಬಿರಗಳು ವಿಟ್ಲದ ಕಡೆ ನಡೆದವು. ಒಂದು ಕಾಲದಲ್ಲಿ ಮನೆಯಲ್ಲಿ ಸುಮ್ನೆ ಬರುತ್ತಿದ್ದದ್ದನ್ನು ಈಗ ಶಿಬಿರ ಹಾಕಿ ಕಲಿಸಬೇಕು. ಆದರೆ ಶಿಬಿರಕ್ಕೆ ಬರುವವರು ಇಷ್ಟಪಟ್ಟು ಬರುತ್ತಾರೆ, ಯಾವ ಮನೆಯವರು ಬೇಕಾದರೂ ಬರುತ್ತಾರೆ.

ರಜೆ ಜೂನಿಗೆ ಹೋದರೆ?

ಜೂನ್-ಜುಲೈಯಲ್ಲೂ ಹೊರಗೆ ಕೆಲಸ ಇದೆ. ಗದ್ದೆ ಉಳಿಸಿಕೊಂಡವರಲ್ಲಿ ನೇಜಿ ನೆಡುವುದು ಆಗಲೇ, ಮಕ್ಕಳು ಕೆಸರಿಗೆ ಇಳಿಯಬಹುದು. ಆದರೆ ಅಡಿಕೆ ತೋಟದಲ್ಲಿ ಆ ಹೊತ್ತಿಗೆ ನಡೆಯುವುದು ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವ ಕೆಲಸ. ಮೈಲುತುತ್ತು, ಸುಣ್ಣ, ಜಾರುವ ಮರ, ಅದು ಮಕ್ಕಳನ್ನು ದೂರ ಇಡಬೇಕಾದ ಜಾಗ. ಹಪ್ಪಳ, ಪುನರ್ಪುಳಿ, ಅಡಿಕೆಗೆ ಬಿಸಿಲೇ ಬೇಕು, ಅವು ಜೂನಿಗೆ ಬರುವುದಿಲ್ಲ.

ಗೇರು ಮಾತ್ರ ಶಾಲೆ ಇದ್ದರೂ ಬೀಳುತ್ತದೆ. ಏಪ್ರಿಲ್‌ನಲ್ಲಿ ಕ್ಲಾಸು ನಡೆದರೆ ಹೆಕ್ಕಲು ಸಿಗುವ ಹೊತ್ತು ಬೆಳಿಗ್ಗೆ 6ರಿಂದ 8. ಗುಡ್ಡೆ ತಂಪಾಗಿರುವುದೂ ಆಗಲೇ. ಮೇಲೆ ಹೇಳಿದ 2017ರ ನಿಯಮದಂತೆ 14 ವರ್ಷದೊಳಗಿನ ಮಗು ಕೆಲಸ ಮಾಡಬಾರದ ಹೊತ್ತೂ ಅದೇ.